ಪ್ಯಾರಾಸಿಟಮಾಲ್ ಕೊಟ್ಟ ಇಲಿಗಳಲ್ಲಿ ಎಎಲ್‌ಟಿ ಇಷ್ಟೊಂದು ಏರುಪೇರು ಏಕೆ?

ಪ್ರಶ್ನೆ: ಸಿ57ಬಿಎಲ್/6 ತಳಿಯ ಗಂಡು ಇಲಿಗಳಿಗೆ ಕೆಜಿಗೆ 300 ಮಿಗ್ರಾಂನಂತೆ ಪ್ಯಾರಾಸಿಟಮಾಲ್ ಹೊಟ್ಟೆಯೊಳಕ್ಕೆ ಚುಚ್ಚಿ, 24 ಗಂಟೆಗೆ ರಕ್ತ ತೆಗೆದರೆ ಎಎಲ್‌ಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ) ಒಂದೇ ಗುಂಪಿನಲ್ಲಿ ಒಂದಕ್ಕೆ ಲೀಟರಿಗೆ 150 ಯೂನಿಟ್, ಇನ್ನೊಂದಕ್ಕೆ 6,000. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ ಗಿಡದ ಸಾರವನ್ನು ಮೊದಲೇ ಕೊಟ್ಟ ಗುಂಪಿನಲ್ಲಿ ಏರಿಕೆಯೇ ಇಲ್ಲ. ಸಾರ ಯಕೃತ್ತನ್ನು ಕಾಪಾಡಿತು ಅನ್ನಬಹುದೇ?

ಉತ್ತರ 1: ಹಿಂದಿನ ರಾತ್ರಿ ಮೇವು ತೆಗೆದಿದ್ದಿರಾ? ಹೊಟ್ಟೆ ತುಂಬಿದ ಇಲಿಯ ಯಕೃತ್ತಿನಲ್ಲಿ ಗ್ಲುಟಥಯೋನ್ ಹೆಚ್ಚು. ಪ್ಯಾರಾಸಿಟಮಾಲ್‌ನಿಂದ ಯಕೃತ್ತಿನಲ್ಲಿ ಹುಟ್ಟುವ ವಿಷಕಾರಿ ನ್ಯಾಪ್‌ಕ್ವಿಯನ್ನು ಅದೇ ಹಿಡಿದುಹಾಕುತ್ತದೆ. ಎಲ್ಲಕ್ಕೂ ಒಂದೇ ಸಮ 12–16 ಗಂಟೆ ಉಪವಾಸ ಇರಲಿ, ನೀರು ಬೇಕೇ ಬೇಕು. ಇನ್ನೊಂದು: ಬಿಸಿ ಸಲೈನಿನಲ್ಲಿ ಮಿಲೀಗೆ 15 ಮಿಗ್ರಾಂ ಕರಗಿದ್ದು ಆರಿದಾಗ ಹರಳುಗಟ್ಟುತ್ತದೆ. ಸಿರಿಂಜಿನಲ್ಲಿ ಬಿಳಿ ಹರಳು ಕಂಡರೆ ಕೊನೆಯ ಇಲಿಗಳಿಗೆ ಪೂರ್ತಿ ಡೋಸ್ ಹೋಗಿಲ್ಲ ಅಂತಲೇ ಲೆಕ್ಕ. 37 ಡಿಗ್ರಿಯಲ್ಲಿಟ್ಟು ಚುಚ್ಚಿ. 25 ಗ್ರಾಂ ಇಲಿಗೆ ಅರ್ಧ ಮಿಲೀ.

ಉತ್ತರ 2: ಖಂಡಿತ ಅನ್ನಬೇಡಿ. ಡಿಎಂಎಸ್‌ಒ ತಾನೇ ಪ್ಯಾರಾಸಿಟಮಾಲನ್ನು ನ್ಯಾಪ್‌ಕ್ವಿಯಾಗಿ ಬದಲಿಸುವ ಸಿವೈಪಿ2ಇ1 ಕಿಣ್ವವನ್ನು ತಡೆಯುತ್ತದೆ. ವಿಷವೇ ಹುಟ್ಟದಿದ್ದರೆ ಕಾಪಾಡುವುದು ಏನನ್ನು? ಅಷ್ಟೇ ಡಿಎಂಎಸ್‌ಒ ಜೊತೆ ಪ್ಯಾರಾಸಿಟಮಾಲ್ ಕೊಟ್ಟ ಗುಂಪು ಬೇಕು. ಪ್ಯಾರಾಸಿಟಮಾಲ್ ಕೊಟ್ಟ 30 ನಿಮಿಷಕ್ಕೆ ಯಕೃತ್ತಿನ ಗ್ಲುಟಥಯೋನ್ ಅಳೆಯಿರಿ. ಸಾರ ಕೊಟ್ಟವುಗಳಲ್ಲೂ ಅಷ್ಟೇ ಕುಸಿದಿದ್ದರೆ ವಿಷ ಹುಟ್ಟಿದೆ ಎಂದರ್ಥ; ಆಗ ಮಾತ್ರ ಸಾರ ಮುಂದಿನ ಹಂತಗಳಲ್ಲಿ, ಅಂದರೆ ಜೆಎನ್‌ಕೆ (ಜೀವಕೋಶದ ಪೆಟ್ಟನ್ನು ಹೆಚ್ಚಿಸುವ ಸಂಕೇತ ಕಿಣ್ವ), ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡಿತೇ ಎಂಬ ಮಾತು.

ಪ್ರಶ್ನಿಸಿದವರು: ಸಾರವನ್ನು ಆಮೇಲೆ ಕೊಟ್ಟರೆ?

ಉತ್ತರ 2: ಅದೇ ಸರಿ. 1.5–2 ಗಂಟೆ ಬಿಟ್ಟು ಕೊಡಿ, ಅಷ್ಟರಲ್ಲಿ ನ್ಯಾಪ್‌ಕ್ವಿ ಬಹುಪಾಲು ಹುಟ್ಟಿ ಆಗಿರುತ್ತದೆ.