ಅಮ್ಮನ ಮಲ್ಲಿಗೆ ಡೈರಿಗೆ ಒಂದು ವೆಬ್‌ಸೈಟ್: ಬ್ಲಾಗರ್, ವಿಕ್ಸ್, ವರ್ಡ್‌ಪ್ರೆಸ್, ಯಾವುದು ಹಿಡಿಯಲಿ?

ಮಲ್ಲಿಗೆಮನೆ, ಶಂಕರಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುವ ಮನೆ. ಅಮ್ಮ 1998ರಿಂದ ಡೈರಿ ಬರೆಯುತ್ತಿದ್ದಾರೆ. ದಿನಕ್ಕೆ ಎರಡೋ ಮೂರೋ ಸಾಲು. ಇವತ್ತು ಎಷ್ಟು ಚೆಂಡು (ನಾರಿನಲ್ಲಿ ಕಟ್ಟಿದ ಹೂವಿನ ಅಳತೆ) ಕಟ್ಟಿದ್ದು, ಹೂ ಮಾರುವ ಕಟ್ಟೆಯಲ್ಲಿ ಅಟ್ಟೆಗೆ ಎಷ್ಟು ರೇಟು, ಯಾವ ಗಿಡಕ್ಕೆ ಕಡಲೆಹಿಂಡಿ ಹಾಕಿದ್ದು, ಮಳೆ ಯಾವಾಗ ಹಿಡಿದದ್ದು. ಹೀಗೆ ಹನ್ನೊಂದು ಪುಸ್ತಕ ಆಗಿದೆ. ಮೊನ್ನೆ ಒಂದಕ್ಕೆ ಗೆದ್ದಲು ಹಿಡಿದು ನಾಲ್ಕು ಪುಟ ಹೋಯಿತು. ಅಮ್ಮ ಏನೂ ಹೇಳಲಿಲ್ಲ, ಆ ಪುಟಗಳ ಚೂರನ್ನು ಒಂದು ಲಕೋಟೆಯಲ್ಲಿ ಹಾಕಿಟ್ಟರು. ಇದನ್ನೆಲ್ಲ ನನ್ನದೇ ಒಂದು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ನಾನು ಅವತ್ತೇ ತೀರ್ಮಾನ ಮಾಡಿದೆ.

ಎರಡು ಪುಸ್ತಕ ಹಿಂದೆಯೇ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೇನೆ. ಉಳಿದದ್ದನ್ನು ಮೊಬೈಲಿನಲ್ಲಿ ನಾನೇ ಟೈಪ್ ಮಾಡುತ್ತೇನೆ. ಹಳೆಯ ಲ್ಯಾಪ್‌ಟಾಪ್ ಒಂದಿದೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ವರ್ಡ್‌ಪ್ರೆಸ್ ಅನ್ನುತ್ತಾನೆ. ಗೆಳತಿ ವಿಕ್ಸ್ ತೋರಿಸಿದಳು, ನೋಡಲಿಕ್ಕೆ ತುಂಬಾ ಚೆಂದ ಇತ್ತು. ವರ್ಷಕ್ಕೆ ಎರಡು ಸಾವಿರದ ಒಳಗೆ ಆಗಬೇಕು. ನಾನು ಸತ್ತ ಮೇಲೂ ಮಕ್ಕಳ ಕೈಗೆ ಸಿಗಬೇಕು. ಯಾವುದು ಹಿಡಿಯಲಿ?

ಕಾಪುದೀಪ

ಬ್ಲಾಗರ್ ಸಾಕು ಅಕ್ಕ. 1999ರಲ್ಲಿ ಸುರುವಾದದ್ದು, 2003ರಲ್ಲಿ ಗೂಗಲ್ ತೆಗೆದುಕೊಂಡಿತು, ಈಗಲೂ ನಡೆಯುತ್ತಿದೆ. ಹೋಸ್ಟಿಂಗಿಗೆ, ಅಂದರೆ ಸೈಟ್ ಇಡುವ ಜಾಗಕ್ಕೆ, ದುಡ್ಡಿಲ್ಲ. ಮೊಬೈಲಿನಲ್ಲೇ ಹಾಕಬಹುದು. ನಾನು ಮೀನಿನ ಅಡುಗೆ ಬರೆಯುವುದು ಅದರಲ್ಲೇ.

ಹಂಚಿನಮಾಡು, ಮಂಗಳೂರು

ಮೇಡಂ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಹಂಪನಕಟ್ಟೆಯಲ್ಲಿ ಹದಿನೆಂಟು ವರ್ಷ ಡಿಟಿಪಿ ಮಾಡಿದವನು. ನನಗೂ ಒಂದು ಸೈಟ್ ಇದೆ, ಹಳೆಯ ಹಂಚುಗಳದ್ದು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ನಮ್ಮೂರಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಹಂಚಿಗೂ ಒಂದೊಂದು ಮುದ್ರೆ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲೇ ದುಡಿದವರು. ಹಳೆ ಮನೆ ಕೆಡವುತ್ತಾರೆ ಅಂತ ಗೊತ್ತಾದರೆ ನಾನು ಕ್ಯಾಮೆರಾ ಹಿಡಿದು ಹೋಗುತ್ತೇನೆ. ಹಂಚು ಮಗುಚಿ, ಪಾಚಿ ಉಜ್ಜಿ, ಮುದ್ರೆಯ ಫೋಟೋ ತೆಗೆಯುತ್ತೇನೆ.

2013ರಲ್ಲಿ ಪರಿಚಯದವರೊಬ್ಬರು ಸೈಟ್ ಮಾಡಿಕೊಟ್ಟರು. ಡೊಮೇನ್, ಅಂದರೆ ಸೈಟಿನ ವಿಳಾಸ, ಅವರ ಇಮೇಲಿನಲ್ಲೇ ನೋಂದಣಿ ಆಗಿತ್ತು. ನಾನು ಕೇಳಲೂ ಇಲ್ಲ. ಮೂರು ವರ್ಷದ ಮೇಲೆ ಅವರು ಆ ಕೆಲಸ ಬಿಟ್ಟು ಗಲ್ಫಿಗೆ ಹೋದರು. ರಿನ್ಯೂವಲ್ ಮೇಲ್ ಎಲ್ಲ ಅವರಿಗೇ ಹೋಗಿದೆ. ಒಂದು ಬೆಳಿಗ್ಗೆ ನೋಡಿದರೆ ನನ್ನ ವಿಳಾಸದಲ್ಲಿ ಯಾರದ್ದೋ ಜಾಹೀರಾತು. ಹಳೆಯ ವೆಬ್ ಪುಟಗಳ ಪ್ರತಿ ಇಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಹಳೆಯ ವಿಳಾಸ ಹಾಕಿ ಹುಡುಕಿದೆ. ಬರಹ ಹೆಚ್ಚುಕಡಿಮೆ ಸಿಕ್ಕಿತು, ಫೋಟೋ ಅರ್ಧದಷ್ಟೂ ಸಿಗಲಿಲ್ಲ. ಬೋಳಾರದ ಒಂದು ಮನೆಯ ಮಾಡಿನ (ಸೂರಿನ) ಫೋಟೋ ಹೋಯಿತು. ಆ ಮನೆಯೂ ಈಗ ಇಲ್ಲ. ನನಗೆ ಇವತ್ತಿಗೂ ಅದು ನೋವು.

ಆದ್ದರಿಂದ ನನ್ನ ಮಾತು ಇಷ್ಟೇ. ಸೈಟ್ ಯಾವುದರಲ್ಲಿ ಬೇಕಾದರೂ ಕಟ್ಟಿ. ಬರಹ ಮತ್ತು ಫೋಟೋದ ಮೂಲ ಪ್ರತಿ ನಿಮ್ಮ ಮನೆಯಲ್ಲಿರಲಿ, ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ವರ್ಷಕ್ಕೊಂದು ಫೋಲ್ಡರ್ ಮಾಡಿ, ಸಾದಾ ಟೆಕ್ಸ್ಟ್ ಫೈಲಿನಲ್ಲಿ ಉಳಿಸಿ, ಎರಡು ಪೆನ್‌ಡ್ರೈವಿಗೆ ಹಾಕಿ. ಒಂದನ್ನು ಅಣ್ಣನ ಮನೆಯಲ್ಲಿಡಿ. ಡೊಮೇನ್ ಕೊಳ್ಳುವಾಗ ಮೊದಲ ವರ್ಷದ ರೇಟು ನೋಡಬೇಡಿ, ಎರಡನೇ ವರ್ಷದಿಂದ ಎಷ್ಟು ಅಂತ ನೋಡಿ. ಅಲ್ಲೇ ಜಾಸ್ತಿ ಆಗುವುದು.

ಇನ್ನು ಟೂಲ್ ವಿಷಯ. ವಿಕ್ಸ್‌ನಲ್ಲಿ ಪುಟ ಚೆಂದ ಬರುತ್ತದೆ, ಎಳೆದು ಬಿಟ್ಟರೆ ಆಯಿತು. ಆದರೆ ಅಲ್ಲಿ ಕಟ್ಟಿದ್ದನ್ನು ಹಾಗೇ ಎತ್ತಿಕೊಂಡು ಬೇರೆ ಕಡೆ ಇಡಲು ಬರುವುದಿಲ್ಲ. ಉಚಿತ ಪ್ಲಾನಿನಲ್ಲಿ ಅವರ ಜಾಹೀರಾತು ಇರುತ್ತದೆ, ಸ್ವಂತ ಡೊಮೇನ್ ಹಾಕುವಂತಿಲ್ಲ. ನಿಮ್ಮದು ಮಕ್ಕಳ ಕಾಲಕ್ಕೂ ಉಳಿಯಬೇಕಾದದ್ದು, ಅದಕ್ಕೆ ಅದು ಬೇಡ ಅನ್ನುತ್ತೇನೆ. ವರ್ಡ್‌ಪ್ರೆಸ್ ಗಟ್ಟಿ ಸಾಮಾನು, 2003ರಿಂದ ಇದೆ. ಅದನ್ನು ಸ್ವಂತ ಹೋಸ್ಟಿಂಗಿನಲ್ಲಿ ಇಟ್ಟರೆ ಥೀಮು (ಪುಟದ ವಿನ್ಯಾಸ), ಪ್ಲಗಿನ್ನು (ಹೆಚ್ಚುವರಿ ಸೌಲಭ್ಯದ ತುಣುಕು), ಬ್ಯಾಕಪ್ಪು ಎಲ್ಲದರ ಹಿಂದೆ ನೀವೇ ಓಡಬೇಕು. ಅಪ್‌ಡೇಟ್ ಮಾಡದೆ ಬಿಟ್ಟ ಸೈಟಿಗೆ ಕಳ್ಳರು ನುಗ್ಗುತ್ತಾರೆ. ಬೆಳಿಗ್ಗೆ ಮೊಗ್ಗು ಕೊಯ್ಯುವವರಿಗೆ ಆ ಪುರುಸೊತ್ತು ಎಲ್ಲಿ ಮಾರಾಯ್ರೆ? ನನ್ನದು ಈಗ ಗಿಟ್‌ಹಬ್ ಪೇಜಸ್ ಅನ್ನುವ ಸೇವೆಯಲ್ಲಿ, ನಾನೇ ಬರೆದಿಟ್ಟ ಸಾದಾ ಎಚ್‌ಟಿಎಂಎಲ್ ವೆಬ್ ಪುಟಗಳು. ಹೋಸ್ಟಿಂಗಿಗೆ ಖರ್ಚಿಲ್ಲ. ಆದರೆ ಅದನ್ನು ಕಲಿಯಲಿಕ್ಕೆ ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಹಾಗಾಗಿ ನಿಮಗೆ ನಾನೂ ಬ್ಲಾಗರ್ ಅಂತಲೇ ಹೇಳುತ್ತೇನೆ, ಸ್ವಂತ ಡೊಮೇನ್ ಸೇರಿಸಿಕೊಂಡು. ಡೊಮೇನ್ ಜೋಡಿಸಲು ಬ್ಲಾಗರ್ ದುಡ್ಡು ಕೇಳುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆ, ಪೋಸ್ಟೆಲ್ಲ ಇಳಿಸಿಕೊಳ್ಳಬಹುದು. ಮುಂದೆ ವರ್ಡ್‌ಪ್ರೆಸ್‌ಗೆ ಹೋಗಬೇಕು ಅನ್ನಿಸಿದರೂ ಬರಹ ಒಯ್ಯಬಹುದು.

ಒಂದು ಎಚ್ಚರ. ಬ್ಲಾಗರ್‌ನಲ್ಲಿ ಕನ್ನಡದ ತಲೆಬರಹ ಕೊಟ್ಟರೆ ಲಿಂಕಿನಲ್ಲಿ ಕನ್ನಡ ಅಕ್ಷರ ಬರುವುದಿಲ್ಲ. ಬರೇ 'ಬ್ಲಾಗ್-ಪೋಸ್ಟ್' ಅಂತ ಬಂದು ಹಿಂದಿನಿಂದ ಒಂದು ಸಂಖ್ಯೆ ಸೇರುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಅನ್ನುವಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇಸವಿ, ತಿಂಗಳು ಬರೆದುಬಿಡಿ. ಆಮೇಲೆ ಬದಲಿಸಿದರೆ ಹಂಚಿದ ಲಿಂಕೆಲ್ಲ ಕೆಡುತ್ತದೆ.

ನುಡಿಯಲ್ಲಿ ಟೈಪ್ ಮಾಡಿಸಿದ್ದನ್ನು ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಹಳೆಯ ನುಡಿ ಫಾಂಟಿನ ಫೈಲಾದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಇಲ್ಲದವರ ಮೊಬೈಲಿನಲ್ಲಿ ತಲೆಬುಡ ಇಲ್ಲದ ಗೀಚು ಕಾಣುತ್ತದೆ. ಹುಡುಕಿದರೂ ಸಿಗುವುದಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ವರ್ಷ, ಮಾರ್ಚ್, ಅರ್ಧ. ತಪ್ಪುವುದಿದ್ದರೆ ಅಲ್ಲೇ ತಪ್ಪುವುದು. ಆಮೇಲೆ ಅಂಕಿ. ನಿಮ್ಮ ಡೈರಿಯಲ್ಲಿ ಅಂಕಿಯೇ ಜೀವ ಅಲ್ವಾ?

ಇನ್ನೊಂದು. ಡೈರಿಯಲ್ಲಿ ನೆರೆಕರೆಯವರ ಹೆಸರು, ಸಾಲದ ಲೆಕ್ಕ ಇರಬಹುದು. ಅದನ್ನು ಸೈಟಿಗೆ ಹಾಕಬೇಡಿ.

ಮಣಿಪಾಲದ ಓದುಗಿ

ಅಕ್ಕ, ನಾನು ಇಲ್ಲಿ ಡಿಸೈನ್ ಕಲಿಯುತ್ತಿದ್ದೇನೆ. ರೇಟು ಮತ್ತು ಚೆಂಡಿನ ಲೆಕ್ಕವನ್ನು ಬರಹದ ನಡುವೆ ಬಿಡಬೇಡಿ, ಎಕ್ಸೆಲ್‌ನಂಥ ಶೀಟಿನಲ್ಲಿ ತುಂಬಿಸಿ. ತಾರೀಕು, ಚೆಂಡು, ರೇಟು, ಮೂರೇ ಕಾಲಮ್. ಅದಕ್ಕಿಂತ ಜಾಸ್ತಿ ಆದರೆ ಮೊಬೈಲಿನಲ್ಲಿ ಪಕ್ಕಕ್ಕೆ ಓಡುತ್ತದೆ. ಥೀಮಿನಲ್ಲಿ ಸಾಲಿನ ಅಂತರ ಅಕ್ಷರದ ಗಾತ್ರದ 1.7ರಷ್ಟು ಕೊಡಿ. ಇಂಗ್ಲಿಷಿಗೆ ಮಾಡಿದ ಥೀಮಿನಲ್ಲಿ ಸಾಲುಗಳು ಒತ್ತಿಕೊಂಡಿರುತ್ತವೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 'ಅಟ್ಟೆ' ಅಂತ ಬರೆದು ನೋಡಿ, ಟವತ್ತಿನ ಬಾಲ ಎಲ್ಲಿಗೆ ಬರುತ್ತದೆ ಗೊತ್ತಾಗುತ್ತದೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಇಡಿ, ಉಚಿತ.

ಡೈರಿ ಪುಟದ ಫೋಟೋವನ್ನೂ ಹಾಕಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಹಾಕಿದರೆ ಬೇಗ ತೆರೆಯುತ್ತದೆ. ದೊಡ್ಡದು ಪೆನ್‌ಡ್ರೈವಿನಲ್ಲಿರಲಿ.

ಮಲ್ಲಿಗೆಮನೆ, ಶಂಕರಪುರ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಹಂಚಿನ ಅಣ್ಣ, ನಿಮ್ಮ ಮಾತು ಕೇಳಿ ಡೊಮೇನ್ ನನ್ನ ಇಮೇಲಿನಲ್ಲೇ ತೆಗೆದೆ. ನುಡಿಯ ಒಂದು ಪುಸ್ತಕ ಬದಲಿಸಿ ಆಯಿತು. ನೀವು ಹೇಳಿದ ಹಾಗೆ 'ಮಾರ್ಚ್' ಆರು ಕಡೆ ತಪ್ಪಿತ್ತು, ಸರಿ ಮಾಡಿದೆ. ಅಣ್ಣನ ಮಗನೂ ಒಪ್ಪಿದ. ಒಂದು ಪೆನ್‌ಡ್ರೈವ್ ಅವನ ಹತ್ತಿರ ಇದೆ.

ನಿನ್ನೆ ರಾತ್ರಿ ಮೊದಲ ಪೋಸ್ಟ್ ಹಾಕಿದೆ. 2004ರ ಜೂನಿನದ್ದು. "ಬಿಡದೆ ಮಳೆ. ಮೊಗ್ಗು ಕಪ್ಪಾಗಿದೆ. ಮೂರೇ ಚೆಂಡು. ನಾರು ಸಹ ಒಣಗಲಿಲ್ಲ" ಅಂತ ಬರೆದಿದ್ದಾರೆ. ಅಮ್ಮನಿಗೆ ಕನ್ನಡಕ ಕೊಟ್ಟು ಮೊಬೈಲಿನಲ್ಲಿ ತೋರಿಸಿದೆ. ಎರಡು ಸಲ ಓದಿದರು. ಆಮೇಲೆ, "ಅಟ್ಟೆ ಅಂದರೆ ಎಷ್ಟು ಅಂತ ಘಟ್ಟದ ಮೇಲಿನವರಿಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳಿದರು. ಅವರ ಎದುರೇ ಪುಟದ ಮೇಲೆ ಒಂದು ಸಾಲು ಸೇರಿಸಿದೆ: ನಾಲ್ಕು ಚೆಂಡಿಗೆ ಒಂದು ಅಟ್ಟೆ.