ಕುದುರೆ ಅಂದರೆ ಹ್ಯಾಮರೋ, ಟ್ರಿಗರೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ .32 ರಿವಾಲ್ವರ್ ಕೊಳ್ಳುವ ಲೈಸೆನ್ಸುದಾರರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕಾನ್ಪುರದಲ್ಲಿ ತಯಾರಾಗುವ, ನಳಿಗೆ ಬಗ್ಗಿಸಿ ತೆರೆಯುವ, ಆರು ಗುಂಡಿನ ಮಾದರಿ. ಲಗತ್ತಿಸಿರುವ ಕರಡಿನಲ್ಲಿ ಒಂದು ಕಡೆ ‘ಹೆಬ್ಬೆರಳಿನಿಂದ ಕುದುರೆ ಎಳೆಯಿರಿ’ ಅಂತಿದೆ, ಮುಂದಿನ ಸಾಲಿನಲ್ಲೇ ‘ತೋರುಬೆರಳಿನಿಂದ ಕುದುರೆ ಎಳೆಯಿರಿ’ ಅಂತಿದೆ. ಮೊದಲನೆಯದು ಹಿಂದಿನಿಂದ ಬಡಿಯುವ ಹ್ಯಾಮರ್, ಎರಡನೆಯದು ಬೆರಳಿನಿಂದ ಎಳೆಯುವ ಟ್ರಿಗರ್. ಎರಡೂ ಕುದುರೆಯೇ? ‘ಡಬಲ್ ಆಕ್ಷನ್’ಗೆ ‘ಜೋಡಿ ಹೊಡೆತ’ ಅಂತ ಹಾಕಿದ್ದಾರೆ, ಅದಾದರೂ ನಡೆಯುತ್ತದೆಯೇ?

ಉತ್ತರ 1:
‘ಜೋಡಿ ಹೊಡೆತ’ ಖಂಡಿತ ಬೇಡ. ಜೋಡಿ ನಳಿಗೆ ಕೋವಿ ಬಲ್ಲ ಓದುಗರು ಎರಡು ಈಡು ಒಟ್ಟಿಗೆ ಹಾರುತ್ತದೆ ಅಂದುಕೊಂಡಾರು. ಇಲ್ಲಿ ಎರಡಿರುವುದು ಟ್ರಿಗರಿನ ಕೆಲಸ: ಕುದುರೆಯನ್ನು (ಅಂದರೆ ಹ್ಯಾಮರನ್ನು) ಎತ್ತುವುದೂ ಅದೇ, ಬಿಡುವುದೂ ಅದೇ. ಸಿಂಗಲ್ ಆಕ್ಷನ್‌ನಲ್ಲಿ ಎತ್ತುವ ಕೆಲಸ ಹೆಬ್ಬೆರಳಿನದು, ಟ್ರಿಗರ್ ಬಿಡುವುದು ಮಾತ್ರ. ಈ ರಿವಾಲ್ವರಿನಲ್ಲಿ ಎರಡೂ ಸಾಧ್ಯ. ಬೆರಳಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ: ಮೊದಲೇ ಎತ್ತಿಟ್ಟ ಕುದುರೆಗೆ ಸುಮಾರು ಎರಡು ಕಿಲೋ ಎಳೆತ ಸಾಕು, ಎತ್ತದೆ ಎಳೆದರೆ ಐದು ಕಿಲೋ ದಾಟುತ್ತದೆ. ‘ಡಬಲ್ ಆಕ್ಷನ್’ ಅಂತಲೇ ಬಿಡಿ. ಅಂಗಡಿಯವರೂ ರಿಪೇರಿಯವರೂ ಅದನ್ನೇ ಹೇಳುತ್ತಾರೆ.

ಕುದುರೆಯ ವಿಷಯ ಸ್ವಾರಸ್ಯದ್ದು. ಅದು ಮೂಲದಲ್ಲಿ ಹ್ಯಾಮರೇ. ಹಳೆಯ ಕೇಪಿನ ಕೋವಿಯಲ್ಲಿ ಕೇಪಿನ, ಅಂದರೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿಯ, ಮೇಲೆ ಬಡಿಯುವ ಭಾಗ. ತಮಿಳಿನ ಕುದಿರೈ, ಹಿಂದಿಯ ಘೋಡಾ ಇವೂ ಅದೇ. ಇಂಗ್ಲಿಷಿನವರಿಗೂ ಜರ್ಮನರಿಗೂ ಅದು ಹುಂಜ, ಫ್ರೆಂಚರಿಗೆ ನಾಯಿ! ಹೆಸರು ಜಾರಿದ್ದೂ ನಮ್ಮಲ್ಲಿ ಮಾತ್ರವಲ್ಲ. ಹಿಂದಿಯಲ್ಲಿ ‘ಘೋಡಾ ದಬಾನಾ’ ಅಂದರೆ ಟ್ರಿಗರ್ ಒತ್ತುವುದು. ಸ್ಪ್ಯಾನಿಷಿನ ‘ಗಾತಿಯೋ’, ಅಂದರೆ ಮರಿಬೆಕ್ಕು, ಇಂದು ಟ್ರಿಗರಿಗೇ ಹೆಸರು. ಕುದುರೆ ಹೊರಗೆ ಕಾಣದ ತೋಟಾ ಕೋವಿಗಳು ಬಂದ ಮೇಲೆ ಒಡೆಯನಿಲ್ಲದ ಹೆಸರು ಕಣ್ಣಿಗೆ ಕಾಣುವ ಟ್ರಿಗರಿಗೆ ಅಂಟಿಕೊಂಡಿತು ಅಂತ ನನ್ನ ಊಹೆ.

ಕತೆ ಕಾದಂಬರಿಯಲ್ಲಿ ‘ಕುದುರೆ ಎಳೆದ’ ಅಂದರೆ ಏನೂ ಕೆಡುವುದಿಲ್ಲ. ಕೈಪಿಡಿಯಲ್ಲಿ ಕೆಡುತ್ತದೆ, ಯಾಕೆಂದರೆ ಹಳೆಯ ರಿವಾಲ್ವರಿನ ಪರೀಕ್ಷೆಯೆಲ್ಲ ಈ ಎರಡು ಭಾಗಗಳನ್ನು ಬೇರೆಬೇರೆಯಾಗಿ ಆಡಿಸಿ ನೋಡುವುದೇ. ಮೊದಲು ತೆರೆದು ತೋಟಾ ಕೂರುವ ಆರೂ ಗೂಡು ಖಾಲಿ ಎಂದು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಕುದುರೆಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ಎತ್ತಬೇಕು. ಅದು ಕಚ್ಚಿ ನಿಲ್ಲುವ ಹೊತ್ತಿಗೆ ಗೂಡು ನಳಿಗೆಯ ನೇರಕ್ಕೆ ಬಂದಿರಬೇಕು. ಗೂಡುಗಳಿರುವ ಉರುಳೆಯನ್ನು (ಸಿಲಿಂಡರನ್ನು) ಕೈಯಲ್ಲಿ ಕೊಂಚ ದೂಡಿದರಷ್ಟೇ ನೇರವಾಗುತ್ತದೆ ಅಂದರೆ ಅದನ್ನು ತಿರುಗಿಸುವ ಕೊಂಡಿಯೋ ಹಲ್ಲೋ ಸವೆದಿದೆ. ಅಂಥದ್ದರಲ್ಲಿ ಗುಂಡು ನಳಿಗೆಯ ಅಂಚಿಗೆ ತಾಗಿ, ಕೆತ್ತಿಹೋದ ಸೀಸ ಪಕ್ಕಕ್ಕೆ ಚಿಮ್ಮುತ್ತದೆ. ಆರೂ ಗೂಡಿಗೆ ಹೀಗೆ ನೋಡಿ. ಐದು ಸರಿಯಿದ್ದು ಒಂದು ತಪ್ಪುವುದು ಸಾಮಾನ್ಯ.

ಮತ್ತೆ ಕುದುರೆ ಎತ್ತಿ ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಕುದುರೆಯ ಬೆನ್ನನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಬೀಳಬಾರದು. ಬಿದ್ದರೆ ಕಚ್ಚುವ ಅಂಚು ಸವೆದಿದೆ, ಇಲ್ಲವೇ ಯಾರೋ ಅರದಿಂದ ಉಜ್ಜಿ ‘ನಯ’ ಮಾಡಿದ್ದಾರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಈ ವಾಕ್ಯದಲ್ಲಿ ಎರಡಕ್ಕೂ ‘ಕುದುರೆ’ ಅಂತಲೇ ಬರೆದು ನೋಡಿ, ಏನಾಗುತ್ತದೆ ಅಂತ.

ಆದ್ದರಿಂದ ಹ್ಯಾಮರಿಗೆ ‘ಕುದುರೆ’, ಕ್ರಿಯಾಪದ ‘ಎತ್ತು’. ಟ್ರಿಗರ್ ಟ್ರಿಗರೇ, ಕ್ರಿಯಾಪದ ‘ಎಳೆ’. ಹೆಸರು ಮರೆತರೂ ಕ್ರಿಯಾಪದ ಕಾಯುತ್ತದೆ.

ಉತ್ತರ 2:
ಒಪ್ಪಿದೆ, ಒಂದು ತೊಡಕು ಬಿಟ್ಟು. ಎತ್ತಲಾಗದ ಕುದುರೆಯೂ ಇದೆ. ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ನಂ. 2 ರಿವಾಲ್ವರಿನ 1938ರ ಮಾದರಿಯಲ್ಲಿ ಹೆಬ್ಬೆರಳಿಡುವ ಕೊಕ್ಕೆಯನ್ನೇ ತೆಗೆದುಹಾಕಿದ್ದರು. ಅದಕ್ಕೆ ‘ಡಬಲ್ ಆಕ್ಷನ್ ಮಾತ್ರ’ ಅಂತ ಬರೆಯಬೇಕು, ಬರೀ ‘ಡಬಲ್ ಆಕ್ಷನ್’ ಸಾಲದು.

ಇನ್ನು ಕರಡಿನ ‘ಅಂತರ’, ‘ಅಲುಗಾಟ’ ಎರಡನ್ನೂ ಬೆರೆಸಬೇಡಿ. ಅಂತರ ಅಂದರೆ ಉರುಳೆಯ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವಿನ ಸಂದು. ಫೀಲರ್ ಗೇಜ್ (ಅಳತೆಯ ತೆಳು ಲೋಹದ ಪಟ್ಟಿ) ತೂರಿಸಿ ಅಳೆಯುವುದು. 0.15 ಮಿಮೀ ಆಸುಪಾಸು ಒಳ್ಳೆಯದು, 0.25 ದಾಟಿದರೆ ಬಿಸಿ ಗಾಳಿ, ಸೀಸದ ಚೂರು ಪಕ್ಕಕ್ಕೆ ಉಗುಳುತ್ತದೆ. ಅಲುಗಾಟ ಅಂದರೆ ಉರುಳೆ ಹಿಂದೆಮುಂದೆ ಆಡುವುದು. ಬಗ್ಗಿಸಿ ತೆರೆಯುವ ಮಾದರಿಯಲ್ಲಿ ಮೂರನೆಯದೊಂದಿದೆ: ಮುಚ್ಚಿ ಚಿಲಕ ಬಿದ್ದ ಮೇಲೂ ನಳಿಗೆ ಮೇಲೆಕೆಳಗೆ ಆಡುವುದು. ಕೀಲು ಸವೆದರೂ ಆಡುತ್ತದೆ, ಚಿಲಕ ಸವೆದರೂ ಆಡುತ್ತದೆ. ಇದಕ್ಕೆ ‘ಸಡಿಲ’ ಅನ್ನಿ.

ತೆರೆದಾಗ ಖಾಲಿ ತೋಟಾಗಳನ್ನು ಮೇಲೆತ್ತುವ ಎಕ್ಸ್‌ಟ್ರ್ಯಾಕ್ಟರಿಗೆ ‘ನಕ್ಷತ್ರ’ ಅಂದಿರುವುದು ಚೆನ್ನಾಗಿದೆ, ನೋಡಲು ಹಾಗೇ ಇದೆ. ಅದರ ಅಡಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಬೇಕು ಅಂತ ಸೇರಿಸಿ. ಸುಡದೆ ಉಳಿದ ಮದ್ದಿನ ನಾಲ್ಕು ಕಾಳು ಅಲ್ಲಿ ಕೂತರೆ ಸಾಕು, ನಕ್ಷತ್ರ ಪೂರ್ತಿ ಕೂರದೆ ಉರುಳೆ ಬಿಗಿಯುತ್ತದೆ, ಜನ ಸ್ಪ್ರಿಂಗ್ ಹೋಗಿದೆ ಅಂತ ರಿಪೇರಿಗೆ ಒಯ್ಯುತ್ತಾರೆ. ನಿಧಾನವಾಗಿ ತೆರೆದಾಗ ಖಾಲಿ ತೋಟಾ ನಕ್ಷತ್ರದ ಕೆಳಗೆ ಜಾರಿ ಸಿಕ್ಕಿಕೊಳ್ಳುವುದೂ ಉಂಟು. ಆಗ ಬಲವಂತವಾಗಿ ಮುಚ್ಚದೆ, ನಕ್ಷತ್ರವನ್ನು ಮೇಲೆತ್ತಿ ಹಿಡಿದು ಉಗುರಿನಿಂದ ತೋಟಾ ಎತ್ತಬೇಕು.

ಕೊನೆಗೆ, ‘ಎಣ್ಣೆ ಸುರಿಯಿರಿ’ ಅಂತಿದೆಯಲ್ಲ, ಅದನ್ನು ‘ಎಣ್ಣೆ ಮುಟ್ಟಿಸಿ’ ಅಂತ ಮಾಡಿ. ಕೀಲಿಗೊಂದು ಹನಿ, ಉರುಳೆಯ ಅಚ್ಚಿಗೊಂದು ಹನಿ. ಗೂಡುಗಳ ಒಳಗೆ ಒರೆಸಿ ಒಣಗಿಸಿರಬೇಕು, ಎಣ್ಣೆ ಉಳಿದರೆ ತೋಟಾದ ಕೇಪಿನೊಳಗೆ ಇಳಿದು ಈಡು ಹಾರದೆ ಹೋಗಬಹುದು.