ಅಪ್‌ಡೇಟ್: ಕಾರ್ಡ್ ಬಾಕಿ ಕೊನೆಗೂ ಇಳಿಯತೊಡಗಿದೆ

ಪ್ರತಿ ತಿಂಗಳು ಕ್ರೆಡಿಟ್ ಕಾರ್ಡಿನ ಮಿನಿಮಮ್ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟಿದರೂ ಬಾಕಿ ಇಳಿಯುತ್ತಿಲ್ಲ, ಮನೆ ಖರ್ಚಿಗೂ ಸಾಲ ಮಾಡುವಂತಾಗಿದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೆಲಸಕ್ಕೆ ಬಂದದ್ದು, ಎಲ್ಲ ಸಾಲಗಳನ್ನೂ ಬಡ್ಡಿ ದರದ ಸಮೇತ ಒಂದೇ ಹಾಳೆಯಲ್ಲಿ ಬರೆದು, ಜಾಸ್ತಿ ಬಡ್ಡಿಯದ್ದನ್ನು ಮೊದಲು ತೀರಿಸಿ ಎಂಬ ಸಲಹೆ. ಮನೆಯವರೆಲ್ಲ ಒಟ್ಟಿಗೆ ಕೂತು ಬರೆದೆವು. ಉಳಿದ ಸಾಲಗಳಿಗೆ ಕಂತಿನಷ್ಟೇ ಕಟ್ಟಿ, ಮಿಕ್ಕಿದ್ದೆಲ್ಲ ಕಾರ್ಡಿಗೆ ಹಾಕುತ್ತಿದ್ದೇವೆ.

ನನಗೆ ಆಶ್ಚರ್ಯವಾದದ್ದು ಮಿನಿಮಮ್ ಲೆಕ್ಕ. ತಿಂಗಳಿಗೆ ಶೇ. 3 ಬಡ್ಡಿ ಇದ್ದು, ಬಾಕಿಯ ಶೇ. 5ರಷ್ಟು ಕಟ್ಟಿದರೆ ಅಸಲಿಗೆ ಹೋಗುವುದು ಬರೀ ಶೇ. 2! ಹಳೆ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ ಬೀಳುತ್ತದೆ. ಹಾಗಾಗಿ ಕಾರ್ಡ್ ಬಳಸುವುದನ್ನೇ ನಿಲ್ಲಿಸಿದೆವು.

ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಸಾಲ ಮಾಡುವ ಉಪಾಯ ನಮಗೆ ಹೊಂದಲಿಲ್ಲ. ಕಂತು ಚಿಕ್ಕದಾಗುತ್ತಿತ್ತು ನಿಜ, ಆದರೆ ಅವಧಿ ಉದ್ದವಾಗಿ ಒಟ್ಟು ಬಡ್ಡಿ ಜಾಸ್ತಿಯಾಗುತ್ತಿತ್ತು.

ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರ ಜೊತೆ ಮಾತಾಡಿ ಎಂದಿದ್ದಿರಲ್ವಾ? ಮಾತಾಡಿದೆವು. ಒಂದು ಸಾಲದ ಕಂತಿನ ದಿನವನ್ನು ಸಂಬಳ ಬಂದ ನಂತರಕ್ಕೆ ಬದಲಾಯಿಸಿ ಕೊಟ್ಟರು. ತಡವಾದದ್ದಕ್ಕೆ ಬೀಳುತ್ತಿದ್ದ ದಂಡ ಈಗ ಇಲ್ಲ.